ಕಿವಿಯಕ್ಕನ ಸಿ.ಡಿ. ಪ್ಲೇಯರ್

ಶನಿವಾರ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಿವಿಯಕ್ಕ ಸ್ಟೀರಿಯೊ ಅಂಗಡಿಯ ಒಳಕೋಣೆಯ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತು ಬಲಗೈಯ ತೋರುಬೆರಳನ್ನು ಮೇಲಕ್ಕೆತ್ತಿದ್ದಳು. ಎದುರಿಗೆ ಎರಡು ಸ್ಪೀಕರುಗಳು. ಅವುಗಳ ನಡುವಿನ ಗಿಡ್ಡ ಮೇಜಿನ ಮೇಲೆ ಸಿ.ಡಿ. ನುಡಿಸುವ ಎರಡು ಬಗೆಯ ಯಂತ್ರಗಳು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಗುಂಡಿಯ ಸದ್ದು ಅವಳಿಗೆ ಗೊತ್ತಾಗಬಾರದೆಂದು ಅಂಗಡಿಯವನು ಪ್ರತಿಸಲವೂ ಕೆಮ್ಮುತ್ತಿದ್ದ. ಎರಡನೆಯದು ನುಡಿಯುತ್ತಿದೆ ಎನಿಸಿದರೆ ಬೆರಳೆತ್ತಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಈ ನಿಯಮ ಮಾಡಿದವಳು ಅವಳೇ.

ಬೆರಳೆತ್ತಿಸುವುದೇ ಅವಳ ಕಸುಬು. ಕಿವಿ, ಮೂಗು, ಗಂಟಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಅವಳು ಕಿವಿ ಪರೀಕ್ಷೆ ಮಾಡುತ್ತಿದ್ದಳು. ಹೊರಗಿನ ಸದ್ದು ಬಾರದ, ಗೂಡಿನಂಥ ಕೋಣೆಯಲ್ಲಿ ರೋಗಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಗಾಜಿನ ಈಚೆಯಿಂದ ಇವಳು ಒಂದೊಂದೇ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಅವನು ಬೆರಳೆತ್ತಬೇಕು. ದಪ್ಪ ಸದ್ದಿನಿಂದ ಹಿಡಿದು ಕೀರಲು ಸದ್ದಿನವರೆಗೆ, ಪ್ರತಿಯೊಂದಕ್ಕೂ ಅವನಿಗೆ ಕೇಳಿಸುವ ಅತಿ ಸಣ್ಣ ಮಟ್ಟ ಎಷ್ಟು ಡೆಸಿಬೆಲ್ ಎಂದು ಅಳೆಯುವುದು ಕೆಲಸ. ಇಪ್ಪತ್ತೈದರೊಳಗಿದ್ದರೆ ಒಳ್ಳೆಯ ಕಿವಿ. ಅಂಕಿ ಏರಿದಷ್ಟೂ ಕಿವಿ ಇಳಿದ ಹಾಗೆ. ಅವಳಿಗೆ ಕಿವಿಯಕ್ಕ ಎಂಬ ಹೆಸರಿಟ್ಟದ್ದು ಪರೀಕ್ಷೆಗೆ ಬಂದಿದ್ದ ಒಂದು ಚಿಕ್ಕ ಮಗು. ಆ ಹೆಸರು ಡಾಕ್ಟರ ಬಾಯಿಗೆ ಹತ್ತಿ, ಅಲ್ಲಿಂದ ಬೀದಿಯವರ ಬಾಯಿಗೂ ಬಂದು, ಈಗ ಅಂಚೆಯವನೂ ಹಾಗೆಯೇ ಕರೆಯುತ್ತಿದ್ದ.

ಮನೆಯಲ್ಲಿ ಒಂದು ಗೋಡೆ ತುಂಬ ಅವಳ ಸಿ.ಡಿ.ಗಳು. ಪಿಟೀಲು, ಕೊಳಲು, ಹಳೆಯ ಗಾಯಕಿಯರು. ಅವನ್ನಿಡಲು ಕಪಾಟು ಮಾಡಿಕೊಟ್ಟವನು ಗಂಡ. ಅವನು ಮರಗೆಲಸದವನು, ಮನೆಯ ಹಿತ್ತಲಲ್ಲೇ ಅವನ ಕಾರ್ಖಾನೆ. ಮದುವೆಯಾದ ಹೊಸದರಲ್ಲಿ ಕೊಂಡಿದ್ದ ಪ್ಲೇಯರಿನ, ಡಿಸ್ಕ್ ಓದುವ ಕಣ್ಣು ಮಂಜಾಗಿತ್ತು. ಡಿಸ್ಕನ್ನು ಒಳಗೆಳೆದುಕೊಂಡು, ಒಂದಿಷ್ಟು ಹೊತ್ತು ತಿರುಗಿಸಿ, ಡಿಸ್ಕೇ ಇಲ್ಲವೆಂದು ಹೇಳಿ ಉಗುಳಿಬಿಡುತ್ತಿತ್ತು. ಆಂಪ್ಲಿಫೈಯರೂ ಸ್ಪೀಕರುಗಳೂ ಗಟ್ಟಿಮುಟ್ಟಾಗಿದ್ದವು. ಆದ್ದರಿಂದ ಆರಿಸಬೇಕಾದದ್ದು ಒಂದೇ: ಎಲ್ಲ ಕೆಲಸವನ್ನೂ ತಾನೇ ಮಾಡುವ ಒಂಟಿ ಪ್ಲೇಯರೋ, ಅಥವಾ ಟ್ರಾನ್ಸ್‌ಪೋರ್ಟ್ ಎನ್ನುವ ಯಂತ್ರ ಮತ್ತು ಅದರ ಜೊತೆಗಿಡುವ ಇನ್ನೊಂದು ಡಬ್ಬವೋ.

"ಟ್ರಾನ್ಸ್‌ಪೋರ್ಟ್ ಅಂದ್ರೆ ಲಾರಿಯಲ್ವೇನೇ? ಹಾಡು ಕೇಳೋಕೆ ಲಾರಿ ಯಾಕೆ?" ಎಂದು ಗಂಡ ಅಂಗಡಿಗೆ ಬರುವ ದಾರಿಯಲ್ಲೇ ಕೇಳಿದ್ದ.

"ಅದು ಡಿಸ್ಕ್ ತಿರುಗಿಸಿ ಒಳಗಿರೋ ಅಂಕಿಗಳನ್ನ ಓದುತ್ತೆ, ಅಷ್ಟೇ ರೀ. ಅಂಕಿಯಿಂದ ಸಂಗೀತ ಮಾಡೋದು ಪಕ್ಕದ ಡಬ್ಬದ ಕೆಲಸ."

"ಅಂದ್ರೆ ಒಬ್ಬ ಅಳತೆ ತಗೋತಾನೆ, ಇನ್ನೊಬ್ಬ ಕುರ್ಚಿ ಮಾಡ್ತಾನೆ."

"ಹಾಂ, ಹಾಗೇ."

"ನಾನು ಎರಡೂ ಒಬ್ಬನೇ ಮಾಡ್ತೀನಪ್ಪ. ನಾನು ಮಾಡಿದ ಕುರ್ಚಿ ಅಲ್ಲಾಡಿದ್ದು ನೋಡಿದ್ದೀಯಾ?"

"ನಮ್ಮನೇದು ಬಿಟ್ಟು ಬೇರೆ ಯಾವುದೂ ನೋಡಿಲ್ಲ" ಎಂದಿದ್ದಳು.

ಮನಸ್ಸಿನಲ್ಲಿ ಅವಳು ಆಗಲೇ ಟ್ರಾನ್ಸ್‌ಪೋರ್ಟಿನ ಕಡೆಗೆ ವಾಲಿದ್ದಳು. ಆದರೆ ಅಳೆಯದೆ ಒಪ್ಪುವ ಜಾತಿಯಲ್ಲ. ಚೀಲದಲ್ಲಿ ಸದ್ದಿನ ಮಟ್ಟ ಅಳೆಯುವ ಪುಟ್ಟ ಮೀಟರು ತಂದಿದ್ದಳು. "ಸ್ವಲ್ಪ ಜೋರಾಗಿರೋದೇ ಎಲ್ಲರಿಗೂ ಚೆನ್ನಾಗಿ ಕೇಳಿಸುತ್ತೆ, ಮೊದಲು ಎರಡನ್ನೂ ಸಮ ಮಾಡಿ" ಎಂದು ಅಂಗಡಿಯವನಿಂದ ಎರಡು ಯಂತ್ರಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತರಿಸಿದ್ದಳು. ಅಂಗಡಿಯವನಿಗೆ ಇಂಥ ಗಿರಾಕಿ ಸಿಕ್ಕಿದ್ದು ಹಬ್ಬವಾಗಿತ್ತು. ಕೋಣೆಯ ಬಾಗಿಲು ಹಾಕಿ, ಫೋನು ಬಂದ್ ಮಾಡಿ, ಮೈಯೆಲ್ಲ ಕೈಯಾಗಿ ಡಿಸ್ಕು ಬದಲಾಯಿಸುತ್ತಿದ್ದ.

ಒಂದು ಡಿಸ್ಕ್ ಮುಗಿದು ಇನ್ನೊಂದನ್ನು ಹಾಕುವ ನಡುವೆ ಕೋಣೆ ನಿಶ್ಶಬ್ದವಾಯಿತು. ಆಗ ಗಂಡ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, "ಅದೇನೇ ಅದು, ಸೊಳ್ಳೆ ಥರ ಕೀಂ ಅಂತಿದೆ?" ಎಂದ.

ಅವಳು ಕಣ್ಣು ಬಿಟ್ಟಳು.

ಅಂಗಡಿಯವನ ಮುಖ ಸಣ್ಣಗಾಯಿತು. "ಸಾರ್ ಕಿವಿ ಚುರುಕು. ಟ್ರಾನ್ಸ್‌ಪೋರ್ಟಿನ ಮೋಟಾರು ಸಾರ್. ಈ ಒಂದು ಪೀಸಿನಲ್ಲಿ ಮಾತ್ರ ಹಂಗೆ. ಬೇಕು ಅಂದ್ರೆ ಬೇರೆ ತರಿಸಿಕೊಡ್ತೀನಿ. ಮೇಡಂಗೆ ಮೊದಲೇ ಕೇಳಿಸಿರುತ್ತೆ ಬಿಡಿ, ನನ್ನ ಮರ್ಯಾದೆ ಉಳಿಸೋಕೆ ಸುಮ್ಮನಿದ್ದಾರೆ."

ಇಬ್ಬರೂ ಅವಳ ಕಡೆ ನೋಡಿದರು. ಅವಳು ಉಸಿರು ಹಿಡಿದು ಕೇಳಿದಳು. ಗೋಡೆಯಾಚೆ ಒಂದು ಬೈಕು ಹೋಯಿತು. ಏ.ಸಿ. ಗುಂಯ್‌ಗುಟ್ಟುತ್ತಿತ್ತು. ಗಂಡನ ಕುರ್ಚಿ ಕಿರುಗುಟ್ಟಿತು. ಸೊಳ್ಳೆ ಇರಲಿಲ್ಲ.

"ಹೂಂ, ಕೇಳಿಸ್ತು. ಅಷ್ಟೇನೂ ತೊಂದರೆ ಇಲ್ಲ" ಎಂದಳು.

ಕೇಳಿಸದಿದ್ದರೂ ಬೆರಳೆತ್ತುವವರು ಅವಳಿಗೆ ಹೊಸಬರಲ್ಲ. ಕೆಲಸ ಕಳೆದುಕೊಳ್ಳುವ ಭಯದ ಚಾಲಕರು, ಮಕ್ಕಳೆದುರು ಸೋಲಲು ಒಪ್ಪದ ಮುದುಕರು. ಸದ್ದೇ ಕಳಿಸದೆ ಎರಡು ಸಲ ಸುಮ್ಮನೆ ಕಾದರೆ ಸಾಕು, ಸಿಕ್ಕಿಬೀಳುತ್ತಿದ್ದರು. ಗದರದೆ, ಬಾಗಿಲು ತೆರೆದು, "ಊಹೆ ಮಾಡಬೇಡಿ, ಇಲ್ಲಿ ಪಾಸು ಫೇಲು ಏನಿಲ್ಲ" ಎನ್ನುತ್ತಿದ್ದಳು. ಆ ಸಂಜೆ ಅವಳಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಯೋಚಿಸಿ ಹೇಳುತ್ತೇನೆಂದು ಎದ್ದುಬಿಟ್ಟಳು.

ದಾರಿಯುದ್ದಕ್ಕೂ ಕಾರಣ ಹುಡುಕಿದಳು. ಗಂಡ ಯಂತ್ರಕ್ಕೆ ಹತ್ತಿರ ಕೂತಿದ್ದ. ಕೀರಲು ಸದ್ದು ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ, ಪಕ್ಕದಲ್ಲಿದ್ದವರಿಗೆ ಸಿಗದಿರಬಹುದು. ಹೋದ ವಾರ ನೆಗಡಿಯಾಗಿತ್ತು. ಕಿವಿಯಲ್ಲಿ ಗುಗ್ಗೆ ಇರಬಹುದು. ಒಂದೊಂದು ಕಾರಣವೂ ವಿಜ್ಞಾನಕ್ಕೆ ಸರಿಯಾಗಿಯೇ ಇತ್ತು. ತಿರುವಿನಲ್ಲಿ ಬಸ್ಸಿಗೆ ಕಾಯುವಾಗ ಅವಳಿಗೆ ಹೊಳೆಯಿತು: ಇವನ್ನೆಲ್ಲ ತಾನು ಕಲಿತದ್ದು ಪುಸ್ತಕದಿಂದಲ್ಲ. ಪರೀಕ್ಷೆ ಮುಗಿಸಿ ಹೊರಬಂದ ರೋಗಿಗಳು ಇದೇ ಮಾತನ್ನು ಇದೇ ಕ್ರಮದಲ್ಲಿ ಹೇಳುತ್ತಿದ್ದರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಅವರ ಎರಡು ಕಿವಿಗೂ ಶ್ರವಣಯಂತ್ರ ಹಾಕಿಸಿದವಳು ಸೊಸೆಯೇ. "ಬರಿಗೈಲಿ ಬಂದ್ರಾ? ಆರಿಸೋಕೆ ಆಗಲಿಲ್ವಾ?"

"ಒಂದು ಯಂತ್ರ ಸೊಳ್ಳೆ ಥರ ಕೂಗುತ್ತೆ ಅಮ್ಮಾ" ಎಂದ ಮಗ.

"ನಿನಗೆ ಕೇಳಿಸ್ತು ಅಂದ್ರೆ ಇವಳಿಗೆ ಡಂಗುರ ಹೊಡೆದ ಹಾಗಾಗಿರುತ್ತೆ. ನಾನು ಅಡುಗೆಮನೇಲಿ ಮನಸ್ಸಲ್ಲೇ ಬೈದುಕೊಂಡ್ರೂ ಇವಳಿಗೆ ಕೇಳಿಸುತ್ತಪ್ಪ!"

ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಲಗಿವಿಯ ಹತ್ತಿರ ಬೆರಳು ಉಜ್ಜಿ ನೋಡಿದಳು. ಎಡಗಿವಿಯ ಹತ್ತಿರ ಉಜ್ಜಿದಳು. ಬಲಕ್ಕೆ ಮತ್ತೆ ಉಜ್ಜಿದಳು. ಬೆರಳು ಅವಳದೇ, ಕಿವಿ ಅವಳದೇ. ಇದರಿಂದ ಏನೂ ಗೊತ್ತಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಉಜ್ಜುತ್ತಲೇ ನಿಂತಳು.

ಭಾನುವಾರ ಕಳೆಯುವುದು ಕಷ್ಟವಾಯಿತು. ಹಿತ್ತಲಲ್ಲಿ ಗಂಡ ಗರಗಸದ ಯಂತ್ರ ಓಡಿಸುತ್ತಿದ್ದ. ಕಿವಿಗೆ ಎಂದಿನ ಹಾಗೆ ಸದ್ದು ತಡೆಯುವ ಕೆಂಪು ಮುಚ್ಚಳ. ಮದುವೆಯಾದ ವರ್ಷವೇ ಅದನ್ನು ತಂದು ಕೊಟ್ಟು, ಹಾಕಿಕೊಳ್ಳದೆ ಯಂತ್ರ ಮುಟ್ಟಿದರೆ ಊಟವಿಲ್ಲ ಎಂದು ಹೆದರಿಸಿದ್ದಳು. "ಗಾಣದೆತ್ತಿನ ಕಣ್ಣಿಗೆ ಕಟ್ಟಿದ ಹಾಗೆ ನನಗೆ ಕಿವಿಗೆ ಕಟ್ಟಿದ್ದಾಳೆ" ಎಂದು ಅವನು ಗೆಳೆಯರೆದುರು ಗೊಣಗಿದ್ದುಂಟು. ಆದರೆ ಅದನ್ನು ಹಾಕಿಕೊಳ್ಳದ ದಿನವಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೋದಳು. ದಿನವೂ ರೋಗಿಗಳು ಬರುವ ಮುನ್ನ ಯಂತ್ರ ಸರಿಯಿದೆಯೇ ಎಂದು ಒಬ್ಬರು ಕೇಳಿ ನೋಡಬೇಕು. ಆ ಒಬ್ಬರ ಕಿವಿ ಚೆನ್ನಾಗಿರಬೇಕು. ಹೆಡ್‌ಫೋನ್ ತಾನೇ ಹಾಕಿಕೊಂಡು, ಒಂದೊಂದು ಸದ್ದನ್ನೂ ತೀರಾ ಸಣ್ಣ ಮಟ್ಟದಲ್ಲಿ ಕಳಿಸಿಕೊಂಡು, ಎಡ ಬಲ ಎರಡೂ ಕೇಳಿಸಿದರೆ "ಸರಿ" ಎನ್ನುವುದು. ಎಷ್ಟೋ ವರ್ಷಗಳಿಂದ ಈ ಆಸ್ಪತ್ರೆಯಲ್ಲಿ ಆ ಕಿವಿ ಅವಳದು. ಯಂತ್ರ ಎಲ್ಲರನ್ನೂ ಅಳೆಯುತ್ತಿತ್ತು. ಯಂತ್ರವನ್ನು ಅವಳು ಅಳೆಯುತ್ತಿದ್ದಳು. ಈ ಕಿವಿಯೇ ಕೈಕೊಟ್ಟಿದ್ದರೆ, ಪ್ರತಿ ಬೆಳಿಗ್ಗೆ ತಾನು ಹೇಳಿದ "ಸರಿ" ಎಂಬ ಮಾತಿನ ಗತಿಯೇನು?

ಗುಂಡಿ ಒತ್ತಿದಳು. ಹರ್ಟ್ಸ್ ಏರಿದಷ್ಟೂ ಸದ್ದು ಕೀರಲು. ಸಾವಿರ ಹರ್ಟ್ಸ್, ಕೇಳಿಸಿತು. ಎರಡು ಸಾವಿರ, ನಾಲ್ಕು ಸಾವಿರ, ಕೇಳಿಸಿತು. ಆರು ಸಾವಿರ, ಬಲಗಿವಿ. ಗುಂಡಿಯ ಮೇಲಿನ ಪುಟ್ಟ ಹಸಿರು ದೀಪ ಹತ್ತಿತು. ದೂರದಿಂದ ಬಂದಂತೆ, ಕೂದಲೆಳೆಯಷ್ಟು ತೆಳುವಾಗಿ, ಕೇಳಿಸಿತು.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನೆಗಡಿಯೇ ಇರಬೇಕು. ಆದರೂ ಅಳತೆಯ ಹುಚ್ಚಿನವಳಲ್ಲವೇ, ಯಂತ್ರದ ಹಿಂದೆ ಕೈಹಾಕಿ ಬಲಗಿವಿಗೆ ಹೋಗುವ ತಂತಿಯನ್ನು ಕಿತ್ತಳು. ಈಗ ಆ ಕಡೆ ಸದ್ದು ಬರಲು ದಾರಿಯೇ ಇರಲಿಲ್ಲ. ಮತ್ತೆ ಅದೇ ಗುಂಡಿ ಒತ್ತಿದಳು. ದೀಪ ಹತ್ತಿತು.

ಅದೇ ಸದ್ದು ದೂರದಿಂದ, ಕೂದಲೆಳೆಯಷ್ಟು ತೆಳುವಾಗಿ ಕೇಳಿಸಿತು.

ಕಿತ್ತ ತಂತಿಯನ್ನು ಕೈಯಲ್ಲಿ ಹಿಡಿದು ಅವಳು ಕೂತೇ ಇದ್ದಳು. ಬೆರಳು ಒತ್ತಿತ್ತು, ಕಣ್ಣು ದೀಪ ನೋಡಿತ್ತು, ಮಿಕ್ಕಿದ್ದನ್ನು ತಲೆಯೇ ತುಂಬಿಕೊಟ್ಟಿತ್ತು. ಎಷ್ಟು ದಿನದಿಂದ ಹೀಗೆ? ಒಂದು ತಿಂಗಳೋ, ನಾಲ್ಕು ವರ್ಷವೋ? ಅದನ್ನು ಹೇಳುವ ದಾರಿಯಿರಲಿಲ್ಲ. ಯಾಕೆಂದರೆ ಎಲ್ಲ ದಿನವೂ ಅವಳಿಗೆ ಕೇಳಿಸಿತ್ತು.

ಜೊತೆಗೆ ಕೆಲಸ ಮಾಡುತ್ತಿದ್ದ ಕಿರಿಯಳು ಛತ್ರಿ ಮಡಿಸುತ್ತ ಒಳಬಂದಳು. ಓದು ಮುಗಿಸಿ ವರ್ಷದ ಹಿಂದೆ ಸೇರಿದವಳು, ಮಾತಿನ ಮಲ್ಲಿ. "ಅಕ್ಕಾ, ಇಷ್ಟು ಬೇಗ? ಮನೇಲಿ ಜಗಳಾನಾ?"

"ಈ ಹೆಡ್‌ಫೋನ್ ಹಾಕ್ಕೋ. ಆರು ಸಾವಿರ, ಬಲಗಡೆ. ನಾನು ಒತ್ತೋದು ನಿನಗೆ ಕಾಣಬಾರದು, ಆ ಕಡೆ ತಿರುಗು" ಎಂದು ಕಿವಿಯಕ್ಕ ತಂತಿಯನ್ನು ಮತ್ತೆ ಸಿಕ್ಕಿಸಿದಳು.

ಆ ಕ್ಷಣ ಅವಳ ಮನಸ್ಸು ಒಂದು ಕೆಟ್ಟ ಆಸೆ ಪಟ್ಟಿತು. ಹೆಡ್‌ಫೋನೇ ಕೆಟ್ಟಿರಲಿ, ಇವಳಿಗೂ ಕೇಳಿಸದಿರಲಿ. ಹಾಗಾದರೆ ತನ್ನ ಕಿವಿ ನೆಟ್ಟಗಿದೆ ಎಂದಾಯಿತು. ಮರುಕ್ಷಣವೇ ಆ ಹೆಡ್‌ಫೋನ್ ಹಾಕಿಕೊಂಡು ಹೋದ ರೋಗಿಗಳ ನೆನಪಾಯಿತು. ಅದು ಕೆಟ್ಟಿದ್ದರೆ ಅವರಲ್ಲಿ ಎಷ್ಟು ಜನರ ಒಳ್ಳೆಯ ಕಿವಿಗೆ ಕಿವುಡೆಂದು ಹಣೆಪಟ್ಟಿ ಅಂಟಿಸಿದ್ದೇನೋ! ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಗುಂಡಿ ಒತ್ತಿದಳು.

ಕಿರಿಯಳ ಬೆರಳು ಟಕ್ಕನೆ ಮೇಲೆದ್ದಿತು. ಇನ್ನೂ ಸಣ್ಣ ಮಾಡಿ ಒತ್ತಿದಳು. ಮತ್ತೆ ಎದ್ದಿತು. ಸುಮ್ಮನೆ ಕಾದಳು. ಬೆರಳು ಕದಲಲಿಲ್ಲ.

ಯಂತ್ರ ನೆಟ್ಟಗಿತ್ತು. ರೋಗಿಗಳಿಗೆ ಮೋಸವಾಗಿರಲಿಲ್ಲ. ಉಳಿದದ್ದು ಒಂದೇ ಲೆಕ್ಕ.

"ಈಗ ನನ್ನನ್ನ ಕೂರಿಸಿ ಪರೀಕ್ಷೆ ಮಾಡು. ನಾನು ಸದ್ದು ಕಳಿಸೋ ತಾಳ ನಿನಗೆ ಗೊತ್ತಲ್ಲ, ಆ ತಾಳಕ್ಕೆ ಕಳಿಸಬೇಡ. ಮಧ್ಯೆ ಮಧ್ಯೆ ಏನೂ ಕಳಿಸದೆ ಸುಮ್ಮನಿರು" ಎಂದಳು.

ಕಿರಿಯಳು ತಮಾಷೆ ಮಾಡಲು ಬಾಯಿ ತೆರೆದವಳು, ಅವಳ ಮುಖ ನೋಡಿ ಗೂಡಿನ ಬಾಗಿಲು ತೆರೆದಳು.

ಗೂಡಿನ ಬಾಗಿಲು ಮುಚ್ಚಿದಾಗ ಕಿವಿಯಕ್ಕನಿಗೆ ತನ್ನ ಎದೆಬಡಿತವೇ ಜೋರಾಗಿ ಕೇಳಿಸಿತು. ಗಾಜಿಗೆ ಬೆನ್ನು ಹಾಕಿ ಕೂತಳು. ದಪ್ಪ ಸದ್ದುಗಳು ಸಲೀಸಾಗಿ ಮುಗಿದವು. ಆಮೇಲೆ ಕೀರಲು ಸದ್ದುಗಳ ಸರದಿ. ಬಂತು ಎನಿಸಿತು, ಬೆರಳೆತ್ತಿದಳು. ಮತ್ತೆ ಬಂತು ಎನಿಸಿತು, ಎತ್ತಿದಳು. ಬಾಗಿಲು ತೆರೆಯಿತು.

"ಅಕ್ಕಾ" ಎಂದಳು ಕಿರಿಯಳು, ಆದಷ್ಟು ಮೆತ್ತಗೆ. "ನಾನು ಏನೂ ಕಳಿಸಿರಲಿಲ್ಲ. ಎರಡು ಸಲವೂ."

"ಹೂಂ."

"ಊಹೆ ಮಾಡಬೇಡಿ ಅಕ್ಕಾ. ಇಲ್ಲಿ…" ಎಂದು ಅವಳು ತಡವರಿಸಿದಳು.

"ಪಾಸು ಫೇಲು ಏನಿಲ್ಲ. ಗೊತ್ತು ಕಣೇ. ಬಾಗಿಲು ಹಾಕು."

ಆಮೇಲೆ ಅವಳು ಬೆರಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ನಿಜವಾಗಿ ಕೇಳಿಸಿದರೆ ಮಾತ್ರ ಎಳೆದು ತೆಗೆದು ಎತ್ತಬೇಕು. ನಿಶ್ಶಬ್ದ ಎಷ್ಟು ಉದ್ದವಿರಬಹುದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ತಾನು ಕಾಯಿಸಿದ ಇಷ್ಟು ಜನ ಇದನ್ನೇ ಕೂತು ಕೇಳಿದ್ದರು. ಕೊನೆಗೆ ಒಂದು ಸದ್ದು ಬಂತು. ಕೂದಲೆಳೆಯಲ್ಲ, ದಾರದಷ್ಟು ದಪ್ಪದ್ದು, ಅನುಮಾನಕ್ಕೆ ಎಡೆಯಿಲ್ಲದ್ದು. ಬೆರಳೆತ್ತಿದಳು.

ಪ್ರತಿ ರೋಗಿಗೂ ಅವನ ಅಂಕಿಯನ್ನು ಬಾಯಿಬಿಟ್ಟು ಹೇಳುವುದು ಅವರಿಬ್ಬರ ಪದ್ಧತಿ. ಕಿರಿಯಳು ಹೇಳಲಿಲ್ಲ. ಹಾಳೆಯನ್ನು ತಿರುಗಿಸಿ ಅವಳ ಮುಂದಿಟ್ಟು, ನೀರು ತರುತ್ತೇನೆಂದು ಎದ್ದು ಹೋದಳು. ಎಡಗಿವಿ ಸ್ವಲ್ಪ ಇಳಿದಿತ್ತು. ಬಲಗಿವಿಯ ಗೆರೆ ನಾಲ್ಕು ಸಾವಿರದವರೆಗೆ ನೆಟ್ಟಗೆ ಬಂದು, ಆಮೇಲೆ ಹಳ್ಳಕ್ಕೆ ಬಿದ್ದಿತ್ತು.

ಡಾಕ್ಟರು ಅದನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಅವಳ ಕಿವಿಯೊಳಗೆ ದೀಪ ಹಾಕಿ ನೋಡಿದರು. ಗುಗ್ಗೆಯಿರಲಿಲ್ಲ. "ವಯಸ್ಸೋ, ಯಾವುದೋ ಜ್ವರವೋ, ಅಪ್ಪ ಅಮ್ಮ ಕೊಟ್ಟಿದ್ದೋ. ಇದೇ ಅಂತ ಹೇಳೋಕಾಗಲ್ಲಮ್ಮ. ಇನ್ನೊಂದು ಪರೀಕ್ಷೆಗೆ ಬರೆದುಕೊಡ್ತೀನಿ" ಎಂದರು. ಅವಳು ಅಲ್ಲಾಡದೆ ನಿಂತಿದ್ದನ್ನು ನೋಡಿ, "ಇನ್ನೇನು?" ಎಂದರು.

"ನನ್ನ ಕೆಲಸ ಡಾಕ್ಟ್ರೇ?"

"ಬೆಳಿಗ್ಗೆ ಯಂತ್ರ ಕೇಳಿ ನೋಡೋದನ್ನ ಆ ಹುಡುಗಿ ಮಾಡಲಿ. ರೋಗಿಗಳನ್ನ ನೋಡೋಕೆ ನಿಮಗೆ ಕಿವಿ ಯಾಕಮ್ಮಾ? ಅವರ ಬೆರಳು ನೋಡೋಕೆ ಕಣ್ಣಿದ್ರೆ ಸಾಕು" ಎಂದು ಮುಂದಿನವರನ್ನು ಕರೆದರು. ಸಮಾಧಾನದ ಮಾತೋ ತಮಾಷೆಯೋ ತಿಳಿಯಲಿಲ್ಲ.

ಸಂಜೆ ನೇರ ಹಿತ್ತಲಿಗೆ ಹೋದಳು. ಗಂಡ ಮುಚ್ಚಳ ತೆಗೆದು ಕೊರಳಿಗೆ ಇಳಿಬಿಟ್ಟ. ಮರದ ಹೊಟ್ಟಿನ ಮೇಲೆ ನಿಂತೇ ಎಲ್ಲ ಹೇಳಿದಳು. ಅಂಗಡಿಯಲ್ಲಿ ಸುಳ್ಳು ಹೇಳಿದ್ದು, ಕಿತ್ತ ತಂತಿಯಲ್ಲಿ ಸದ್ದು ಕೇಳಿಸಿದ್ದು. ಅಂಕಿಯೊಂದನ್ನು ಬಿಟ್ಟು. "ಸ್ವಲ್ಪ ಕಡಿಮೆಯಾಗಿದೆ" ಎಂದಳು, ಅಷ್ಟೇ.

ಅವನು ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಇದೊಳ್ಳೆ ಕಥೆಯಾಯ್ತು. ಗರಗಸದ ಪಕ್ಕ ನಿಂತವನ ಕಿವಿ ಉಳಿಸಿ, ಗೂಡಲ್ಲಿ ಕೂತವಳ ಕಿವಿ ಬಿಟ್ಯಲ್ಲೇ."

"ಹೌದು."

"ಹೋಗಲಿ ಬಿಡು. ನನ್ನ ಕಿವೀನೂ ನೀನು ಕಾಪಾಡಿದ್ದೇ ತಾನೇ. ಸೊಳ್ಳೆ ಬಂದ್ರೆ ನಾನು ಹೇಳ್ತೀನಿ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಅವನು ಹೊಟ್ಟು ಮೆತ್ತಿದ ಕೈಯಿಂದ ಕಣ್ಣೀರು ಒರೆಸಲು ಹೋಗಿ ಕಣ್ಣಿಗೆ ಹೊಟ್ಟು ಬಿದ್ದು, ಆಮೇಲೆ ಇಬ್ಬರೂ ನಲ್ಲಿಯ ಬಳಿ ನಿಂತು ಅದನ್ನು ತೊಳೆದದ್ದಾಯಿತು.

ಮುಂದಿನ ಶನಿವಾರ ಅಂಗಡಿಯವನು ಮುಖವರಳಿಸಿ ಕಾದಿದ್ದ. ಹೊಸ ಟ್ರಾನ್ಸ್‌ಪೋರ್ಟ್ ಬಂದಿತ್ತು. "ಈಗ ಕೇಳಿ ಮೇಡಂ, ಕೀಂ ಇಲ್ಲ, ಕುಂಯ್ ಇಲ್ಲ. ನೀವು ಹೂಂ ಅಂದ್ರೆ ಪ್ಯಾಕ್ ಮಾಡ್ತೀನಿ."

ಕೋಣೆ ಮತ್ತೆ ನಿಶ್ಶಬ್ದವಾಯಿತು. ಒಂದು ಹೂಂ ಅಂದರೆ ಮುಗಿಯುತ್ತಿತ್ತು. ಟ್ರಾನ್ಸ್‌ಪೋರ್ಟಿನ ಬೆಳ್ಳಿ ಬಣ್ಣದ ಮುಖ ಚೆನ್ನಾಗಿತ್ತು. ಗಂಡ ಅವಳನ್ನೇ ನೋಡುತ್ತಿದ್ದ.

"ಹೋದ ವಾರ ನಾನು ಬೆರಳೆತ್ತಿದ್ನಲ್ಲ, ಎಷ್ಟು ಸರಿಯಾಗಿತ್ತು? ನಿಜ ಹೇಳಿ" ಎಂದಳು.

ಅಂಗಡಿಯವನು ಕತ್ತು ತುರಿಸಿಕೊಂಡ. "ಬಿಡಿ ಮೇಡಂ, ಅದೆಲ್ಲ ಆಟ."

"ಹೇಳಿ."

"ಅರ್ಧ ಸರಿ, ಅರ್ಧ ತಪ್ಪು."

"ನಾಣ್ಯ ಚಿಮ್ಮಿದ್ರೂ ಅಷ್ಟೇ ಬರೋದು" ಎಂದಳು ಕಿವಿಯಕ್ಕ. ಚೀಲದಿಂದ ತನ್ನ ಎಲ್ಲಕ್ಕಿಂತ ಹೆಚ್ಚು ಗೀರು ಬಿದ್ದ ಡಿಸ್ಕನ್ನು ತೆಗೆದಳು. ಕೊಳಲಿನದು. ಮನೆಯ ಪ್ಲೇಯರು ಅದನ್ನು ಉಗುಳುತ್ತಲೇ ಬಂದಿತ್ತು. ಟ್ರಾನ್ಸ್‌ಪೋರ್ಟ್ ಅದನ್ನು ಓದಿತು, ಆದರೆ ಮೂರನೆಯ ಹಾಡಿನಲ್ಲಿ ಎಡವಿತು. ಒಂಟಿ ಪ್ಲೇಯರು ಎಡವದೆ ಕೊನೆಯವರೆಗೂ ನುಡಿಸಿತು. ಅದರ ತಟ್ಟೆ ಹೊರಬಂದು ಒಳಹೋಗುವುದನ್ನು ಗಂಡ ಬಗ್ಗಿ ನೋಡಿ, "ಜಾರೋ ಪಟ್ಟಿ ನೆಟ್ಟಗೆ ಕೂತಿದೆ, ಒಳ್ಳೆ ಡ್ರಾಯರು" ಎಂದ. ಅವನು ಯಂತ್ರದ ಹತ್ತಿರ ಕಿವಿಯಿಟ್ಟು, ಸೊಳ್ಳೆಯಿಲ್ಲವೆಂದು ತಲೆಯಾಡಿಸಿದ.

"ಇದೇ ಕೊಡಿ" ಎಂದಳು ಅವಳು.

ಅಂಗಡಿಯವನಿಗೆ ನಿಜವಾಗಿಯೂ ಬೇಸರವಾಯಿತು. "ಅಯ್ಯೋ ಮೇಡಂ, ಇದು ಮಾಮೂಲಿ ಜನಕ್ಕೆ. ನಿಮ್ಮಂಥ ಕಿವಿಗೆ ಇದು ಸಾಲಲ್ಲ. ನಿಮ್ಮ ಕಿವಿ ಎಂಥದ್ದು ಅಂತ ನನಗೆ ಗೊತ್ತಿಲ್ವಾ?"

ಚಪ್ಪಲಿ ಅಂಗಡಿಯಲ್ಲಿ ಕಾಲಿನ ಅಳತೆ ಹೇಳುವವರ ಹಾಗೆ, ಅವಳು ಅವನ ಮುಖ ನೋಡಿಕೊಂಡು ಹೇಳಿದಳು. ಗಂಡನಿಗೂ ಆ ಅಂಕಿ ತಿಳಿದದ್ದು ಆಗ.

"ಬಲಗಿವಿ. ಆರು ಸಾವಿರ ಹರ್ಟ್ಸ್‌ಗೆ ಐವತ್ತೈದು ಡೆಸಿಬೆಲ್."